ಮೂವತ್ತನಾಲ್ಕು ಡಿಗ್ರಿ

ಇದು ಕಟ್ಟುಕತೆ ಅನ್ನುವವರು ಈಗಲೇ ಮಲಗಬಹುದು. ನಡೆದದ್ದು ನಮ್ಮ ಚಿಕ್ಕಪ್ಪನ ಮಗಳಿಗೆ. ಬ್ಯಾಟರಿ ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ಅವಳ ಕೆಲಸ.

ಅವತ್ತು ರಾತ್ರಿ ಹತ್ತೂವರೆ. ಕಾರ್ಖಾನೆ ಹಿಂದಿನ ಪಾಳುಬಾವಿ ದಾಟಿ ಮನೆಗೆ ಹೊರಟಿದ್ದಳು. ಹೆದರಿಕೆ ಇರಲಿಲ್ಲ. ಹೆದರುವುದಕ್ಕೆ ಜಾಗ ಎಲ್ಲಿ? ಮೈತುಂಬ ಸಿಟ್ಟೇ ಇತ್ತು.

ಬ್ಯಾಟರಿಯಲ್ಲಿ ಚಾರ್ಜ್ ಎಷ್ಟು ಉಳಿದಿದೆ, ಮೈ ಎಷ್ಟು ಕಾದಿದೆ ಎಂದು ಹೇಳಲು ಒಂದು ಚಿಪ್ ಇರುತ್ತದೆ. ಅದಕ್ಕೂ ಬ್ಯಾಟರಿ ಪರೀಕ್ಷಿಸುವ ಟೆಸ್ಟ್ ಜಿಗ್ ಎಂಬ ಯಂತ್ರಕ್ಕೂ ವೈರು ಕೂಡಿಸುವವಳು ಇವಳು. ಜಿಗ್ಗಿನ ವೈರಿನ ತುದಿಯಲ್ಲಿ ಶಾಖ ಅಳೆಯುವ ಸೆನ್ಸರ್ ಕಿತ್ತು ಅಲ್ಲಿ ಅಕ್ಕಿಕಾಳಿನಷ್ಟು ರೆಸಿಸ್ಟರ್ ಬೆಸೆಯಲು ಮ್ಯಾನೇಜರ್ ಹೇಳಿದ. ಬೆಸೆದಳು. ಇನ್ನು ಬ್ಯಾಟರಿ ಬೆಂಕಿಯಾದರೂ ಚಿಪ್ಪಿನ ಪಾಲಿಗೆ ಇಪ್ಪತ್ತೈದೇ ಡಿಗ್ರಿ. ಮುನ್ನೂರು ಬ್ಯಾಟರಿ, ಆಸ್ಪತ್ರೆಯ ಉಸಿರಾಟದ ಯಂತ್ರಗಳಿಗೆ. ಬೆಳಗ್ಗೆ 'ಪಾಸ್' ಎಂದು ಇವಳೇ ಸಹಿ ಹಾಕಬೇಕು.

ಆ ಜಿಗ್ ಕಟ್ಟಿದ್ದು ಎಲ್ಲರೂ ಅಜ್ಜ ಅನ್ನುತ್ತಿದ್ದ ಹಳೇ ಮೆಕ್ಯಾನಿಕ್. ವೈರು ಕೂಡಿಸಿದ ಮೇಲೆ ಸೆನ್ಸರನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯುತ್ತಿದ್ದರು. ಬೆರಳಿನ ಬಿಸಿಗೆ ಅಂಕಿ ಮೂವತ್ತನಾಲ್ಕಕ್ಕೇರಿದರೆ, "ವೈರು ಸರಿಯಿದೆ ಮಗು." ಹೋದ ತಿಂಗಳು ಕಾದ ಬ್ಯಾಟರಿಯೊಂದು ಸಿಡಿದು ಅವರನ್ನೂ ಕರೆದುಕೊಂಡು ಹೋಯಿತು. ವರದಿಯಲ್ಲಿ ಮ್ಯಾನೇಜರ್ 'ಮೃತರ ಅಜಾಗರೂಕತೆ' ಎಂದು ಬರೆದ. ಸತ್ತವರು ತಕರಾರು ಮಾಡುವುದಿಲ್ಲವಲ್ಲ.

ಬಾವಿಯ ಹತ್ತಿರ... ಟಕ್. ಟಕ್. ಆಮೇಲೆ ಸಣ್ಣಗೆ, ಪೀಂ...

ಜಿಗ್ಗಿನ ಸದ್ದು. ಮೇನ್ ಸ್ವಿಚ್ ಆರಿಸಿದ್ದು ಅವಳೇ.

"ಒಳಗ್ಯಾರಣ್ಣಾ?" ವಾಪಸು ಬಂದು ಬಾಗಿಲ ಬಳಿಯ ಕಾವಲುಗಾರನನ್ನು ಪಿಸುದನಿಯಲ್ಲಿ ಕೇಳಿದಳು.

"ಯಾರೂ ಇಲ್ಲಮ್ಮ. ಬೀಗ ಹಾಕಿದ್ದು ನೀವೇ."

"ಮತ್ತೆ ಈ ಸದ್ದು?"

"ನಂಗೇನೂ ಕೇಳಿಸ್ತಿಲ್ಲ... ಕೇಳಿಸ್ಕೊಳ್ಳೋ ಅಷ್ಟು ಸಂಬಳಾನೂ ಇಲ್ಲ."

ಬೀಗ ತೆಗೆದಳು. ಕತ್ತಲು. ಬೆಸುಗೆಯ ಹೊಗೆ ವಾಸನೆ. ಜಿಗ್ಗಿನ ಪರದೆ ಮಾತ್ರ ಬೆಳಗುತ್ತಿತ್ತು. ಇಪ್ಪತ್ತೈದು. ಇಪ್ಪತ್ತಾರು... ಮೂವತ್ತು... ಮೂವತ್ತನಾಲ್ಕು. ಅಲ್ಲೇ ನಿಂತಿತು.

ವೈರಿನ ತುದಿಯಲ್ಲಿದ್ದದ್ದು ಬರೀ ರೆಸಿಸ್ಟರ್. ಅದನ್ನು ಎಷ್ಟು ಚಿವುಟಿದರೂ ಅಂಕಿ ಏರುವುದಿಲ್ಲ.

"ಅಜ್ಜಾ... ಬೆಸೆದಿದ್ದು ನಾನೇ. ತಪ್ಪಾಯ್ತು."

ಟಕ್. ಪರದೆ ಆರಿತು.

ಕಟರ್ ತೆಗೆದುಕೊಂಡು ರೆಸಿಸ್ಟರ್ ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ರಾತ್ರಿಯೇ ಸೆನ್ಸರ್ ಬೆಸೆದಳು.

ಬೆಳಗ್ಗೆ ನಡೆದದ್ದೆಲ್ಲ ಹೇಳಿ, ಸಹಿ ಹಾಕುವುದಿಲ್ಲ ಅಂದಳು. ಮ್ಯಾನೇಜರ್ ಹಾರಾಡಿದ. "ದೆವ್ವ ಬಂತು ಅಂತ ಬ್ಯಾಚ್ ನಿಲ್ಲಿಸ್ತೀಯೇನಮ್ಮ? ನಾಚ್ಕೆ ಆಗಲ್ವಾ?"

"ರಾತ್ರಿಯೆಲ್ಲಾ ಆಗ್ತಿತ್ತು ಸಾರ್. ಈಗ ನಿಮ್ಮ ಸರದಿ. ತಗೊಳ್ಳಿ ಪೆನ್ನು, ನೀವೇ ಹಾಕಿ ಸಹಿ."

ಪೆನ್ನು ಮೇಜಿನ ಮೇಲೇ ಉಳಿಯಿತು. ಮತ್ತೆ ಪರೀಕ್ಷೆ ನಡೆಯಿತು. ಮುನ್ನೂರರಲ್ಲಿ ಹತ್ತೊಂಬತ್ತು ಬ್ಯಾಟರಿ ಎಪ್ಪತ್ತು ಡಿಗ್ರಿ ದಾಟಿದವು. ಬ್ಯಾಚ್ ಗೇಟು ದಾಟಲಿಲ್ಲ.

ಆ ರೆಸಿಸ್ಟರ್ ಈಗಲೂ ಅವಳ ಕಪಾಟಿನಲ್ಲಿ, ಮಾತ್ರೆ ಡಬ್ಬಿಯೊಳಗಿದೆ. ವೈರಿಲ್ಲ, ಕರೆಂಟಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು... ಮೊನ್ನೆ ನಾನೇ ಅಂಗೈ ಮೇಲಿಟ್ಟುಕೊಂಡು ನೋಡಿದೆ. ಬೆಚ್ಚಗಿತ್ತು.