ತವರಿಗೆ ಹೋದವಳ ವಿಳಾಸ

೨೦೦೬ರ ಜೂನ್. ಬಸವನ ಬಾಗೇವಾಡಿ ಬಸ್ ನಿಲ್ದಾಣದಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಮಸೂತಿ ಗ್ರಾಮದ ನರ್ಸ್ ಭುವನೇಶ್ವರಿ ಕುಳಿತಿದ್ದರು. ಪಕ್ಕದಲ್ಲಿ ಶ್ರೀಶೈಲ. ಗರ್ಭಿಣಿಯರ ಪಟ್ಟಿ ಇಡುವ ಸಾಫ್ಟ್‌ವೇರಿಗಾಗಿ ಇಲ್ಲಿನ ವಿವರಗಳನ್ನು ಪುಣೆಯ ತಂಡಕ್ಕೆ ಒದಗಿಸುವವನು ಅವನೇ.

“ಕಂಪ್ಯೂಟರ್ ಪ್ರಕಾರ ಕಾಶಿಬಾಯಿ ತಾಳಿಕೋಟ್ಯಾಗ ಗಂಡನ ಮನ್ಯಾಗ ಅದಾಳ. ಆಕಿ ಏಳನೇ ತಿಂಗಳಿಗೇ ಮಸೂತಿಗೆ ತವರಿಗೆ ಬಂದಾಳ. ನನ್ನ ಪಟ್ಟಿಯೊಳಗ ಹೆಸರಿಲ್ಲ, ನಾ ಹೋಗ್ಲಿಲ್ಲ. ಬಿ.ಪಿ. ಏರಿ ನಿನ್ನಿ ಫಿಟ್ಸ್ ಬಂತು,” ಎಂದರು ಭುವನೇಶ್ವರಿ.

“ಆಕಿಗೆ ಎಚ್ಚರ ಆಗೇತೇನ್ರಿ?”

“ಇನ್ನೂ ಇಲ್ಲ. ಬಿಜಾಪುರ ದವಾಖಾನ್ಯಾಗ ನಿನ್ನಿನ ಹೆರಿಗಿ ಮಾಡಿಸಿದ್ರು, ಕೂಸು ಗಾಜಿನ ಪೆಟ್ಟಿಗ್ಯಾಗ ಐತಿ.”

“ತಪ್ಪು ನಂದ್ರಿ ಅಕ್ಕಾರ. ಹೆರಿಗಿತನಕ ಬಸುರಿ ವಿಳಾಸ ಬದಲಾಗತೈತೇನು ಅಂತ ಪುಣೆದವ್ರು ಫೋನ್‌ನ್ಯಾಗ ಕೇಳಿದ್ರು. ಇಲ್ಲ ಅಂದ್ನಿ.”

“ನಿನ್ನ ಹೇಣ್ತಿ ಚೊಚ್ಚಿಲ ಹೆರಿಗಿ ಎಲ್ಲಾತು?”

“ಸಿಂದಗಿಯೊಳಗ್ರಿ. ಆಕಿ ತವರಿನ್ಯಾಗ.”

“ಮತ್ತ?”

“ಹೌದಂದಿದ್ರ ಪುಣೆದವ್ರು ಸಾಫ್ಟ್‌ವೇರ್ ಎಲ್ಲಾ ಮತ್ತ ಮೊದಲಿಂದ ಮಾಡಬೇಕಿತ್ತು. ಹದಿನೈದು ದಿನಕ್ಕೊಮ್ಮೆ ಏನಾರ ಮುಗಿಸಿ ತೋರಿಸಬೇಕ್ರಿ.”

“ತೋರಿಸಿದಿ. ಭಾಳ ಶಾಣ್ಯಾ ಅದಿ.”



“ಇವತ್ತ ನಾಕು ಗಂಟೇಕ್ಕ ಪುಣೆದವ್ರದು ಮತ್ತ ಫೋನ್ ಮೀಟಿಂಗ್ ಐತ್ರಿ. ಈ ಸಲ ನೀವ ಅವರ ಕೂಡ ಮಾತಾಡ್ರಿ.”

“ಮಾತಾಡ್ತೇನಿ. ಅದಕ್ಕೂ ಮೊದ್ಲ ದವಾಖಾನ್ಯಾಗ ಕಾಶಿಬಾಯಿ ಅವ್ವಗ ನೀ ಹೇಳು.”

“ಏನಂತ ಹೇಳ್ಲಿ?”

“ಕೇಳಿದ್ರು, ನಂಗ ಗೊತ್ತಿತ್ತು, ಇಲ್ಲ ಅಂದ್ನಿ ಅಂತ ಹೇಳು.”

ಬಿಜಾಪುರದ ಬಸ್ಸು ಬಂತು. ಭುವನೇಶ್ವರಿ ಹತ್ತಿದರು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಶ್ರೀಶೈಲ ಎದ್ದ.