ತಲೆಯಾಡಿಸುವ ಸೆಕ್ಷನ್

ಆಫೀಸು ಬಿಡುವ ಹೊತ್ತು, ಘಾಜಿಯಾಬಾದ್ ಬಸ್ಸಿನ ಕ್ಯೂ. ನನ್ನ ಮುಂದಿದ್ದ ಸರ್ಕಾರಿ ಸಾಹೇಬರು, ದಿಲ್ಲಿಯಲ್ಲಿ ಕನ್ನಡ ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ, ಕೈಕೆಳಗಿನ ಯುವತಿಯ ಮುಂದೆ ಬಾಯಿ ಬಿಟ್ಟಿದ್ದರು.

“ಹರ್ಷಿಣಿ, ಆ ಹೊಸ ಸಾಫ್ಟ್‌ವೇರ್ ಏನು ಅಂತ ನಾಳೆ ಸೆಕ್ರೆಟರಿಗೆ ನಾನೇ ವಿವರಿಸ್ಬೇಕು. ನನಗೆ ಒಂದಕ್ಷರ ಗೊತ್ತಿಲ್ಲಮ್ಮ.”

“ಕಂಪನಿಯವರು ಅಷ್ಟು ಸಲ ಬಂದು ತೋರಿಸಿದ್ರಲ್ಲ ಸಾರ್. ನೀವು ಅಚ್ಛಾ ಅಚ್ಛಾ ಅಂತ ತಲೆ ಆಡಿಸ್ತಿದ್ರಿ.”

“ಡೈರೆಕ್ಟರ್ ಆದ್ಮೇಲೂ ಪ್ರಶ್ನೆ ಕೇಳಿದ್ರೆ ಮರ್ಯಾದೆ ಇರುತ್ತಾ?”

“ಮೊದಲೆಲ್ಲ ಕೇಳಿ ಕೇಳಿ ಪ್ರಾಣ ತಿಂತಿದ್ರಂತೆ. ಅದಕ್ಕೇ ಮೇಲೆ ಬಂದ್ರಿ ಅಂತಾರೆ.”

“ಆಗ ಕುರ್ಚಿ ಚಿಕ್ಕದಿತ್ತು, ಕುತೂಹಲ ದೊಡ್ಡದಿತ್ತು. ಹೋಗ್ಲಿ, ಈಗ ನೀನೇ ಹೇಳ್ಕೊಡು.”

“ನನಗೂ ಗೊತ್ತಿಲ್ಲ ಸಾರ್.”

“ನೀನೂ ತಲೆ ಆಡಿಸ್ತಿದ್ಯಲ್ಲ?”

“ಸಾಹೇಬ್ರೇ ಕೇಳ್ದೆ ಇರೋವಾಗ ನಾವು ಹೇಗೆ ಕೇಳೋದು? ನಿಮ್ಮನ್ನ ನೋಡಿ ಇಡೀ ಸೆಕ್ಷನ್ನೇ ಆಡಿಸ್ತು.”

ಸಾಹೇಬರು ಗಡಿಯಾರ ನೋಡಿಕೊಂಡರು.

“ಆ ಕಂಪನಿ ಹೌಜ್ ಖಾಸ್‌ನಲ್ಲೇ ಅಲ್ವಾ? ಈಗ ಯಾರಾದ್ರೂ ಇರ್ತಾರಾ?”

“ಇರ್ತಾರೆ. ಹೋಗಿ ಏನಂತ ಹೇಳೋದು ಸಾರ್?”

“ಅರ್ಥ ಆಗ್ಲಿಲ್ಲ, ಮೊದಲಿಂದ ಹೇಳಿ ಅಂತ. ಚಲೋ.”

ಇಬ್ಬರೂ ಕ್ಯೂ ಬಿಟ್ಟು ಆಟೋ ನಿಲ್ಲಿಸಿದರು. ಹತ್ತಿ ಕೂರುತ್ತಲೇ ಸಾಹೇಬರು, ದಿಲ್ಲಿಯಲ್ಲಿ ಎಲ್ಲರೂ ಕೇಳುವುದನ್ನೇ ಬಿಟ್ಟಿರುವ ಪ್ರಶ್ನೆಯನ್ನು ಡ್ರೈವರನಿಗೆ ಹಿಂದಿಯಲ್ಲಿ ಕೇಳಿದರು: “ಭಯ್ಯಾ, ಈ ಮೀಟರ್ ಯಾಕೆ ಓಡಲ್ಲ?”