ಫ್ಯೂಜಿಗೆ ದಪ್ಪ ತಂತಿ ಸುತ್ತಿದ ಸಾಹುಕಾರ

ಇವತ್ತಿನ ಪ್ರವಚನದಲ್ಲಿ ತಾಳ್ಮೆಯ ಬಗ್ಗೆ ಹೇಳುತ್ತಿದ್ದೆ. ಅದಕ್ಕೊಂದು ಕಥೆ ಕೇಳಿ. ಹಿಂದಿನ ಸಾಲಿನ ತಾಯಂದಿರೂ ಕೇಳಿ, ಇದು ನಿಮ್ಮ ಬಚ್ಚಲುಮನೆಯ ಕಥೆಯೇ.

ಹತ್ತಿ ವ್ಯಾಪಾರದ ಒಬ್ಬ ಸಾಹುಕಾರನಿದ್ದ. ತಂದೆ ಕಟ್ಟಿಸಿದ ದೊಡ್ಡ ಮನೆ, ಮನೆ ತುಂಬ ಮಂದಿ. ಅಷ್ಟೂ ಮಂದಿಗೆ ಹಂಡೆಯಲ್ಲಿ ನೀರು ಕಾಯಿಸುವವಳು ಯಾರು? ಅವನ ಹೆಂಡತಿ. ಸಾಹುಕಾರನ ತಾಯಿಗೆ ಮೊಣಕಾಲು ನೋವು. ಬಿಸಿನೀರು ಒಂದೇ ಸಮ ಸುರಿದರೆ ಮಾತ್ರ ಹಾಯೆನಿಸುತ್ತಿತ್ತು. ದೀಪಾವಳಿಗೆ ಬೀಗರು ಬೇರೆ ಬರುವವರಿದ್ದರು. ಸರಿ, ಸಾಹುಕಾರ ಪೇಟೆಗೆ ಹೋಗಿ ಕರೆಂಟಿನ ಷವರ್ ತಂದ. ಗುಂಡಿ ಒತ್ತಿದರೆ ಸಾಕು, ಸುಡುಸುಡು ನೀರು! ಅಂಗಡಿಯಲ್ಲಿದ್ದವುಗಳಲ್ಲೇ ಎಲ್ಲಕ್ಕಿಂತ ಜೋರಿನದು. ಉದ್ದೇಶ ಒಳ್ಳೆಯದೇ, ನೋಡಿ. ಅವನನ್ನು ಈಗಲೇ ಬೈಯಬೇಡಿ.

ಕರೆಂಟಿನ ಕೆಲಸದವನು ಬಂದು ಗೋಡೆಯ ಮೇಲೆ ವೈರು ಹಾಯಿಸಿದ್ದ ಹಳೆಯ ಕಟ್ಟಿಗೆ ಪಟ್ಟಿ ಬಿಚ್ಚಿ ನೋಡಿದ.

"ಸಾಹುಕಾರ್ರ, ಇದು ನಿಮ್ಮ ಅಪ್ಪಾರ ಕಾಲದ ವೈರು. ಬಲ್ಬು, ಫ್ಯಾನು ಅಷ್ಟ ತಡೀತೈತಿ. ಷವರಿಗೆ ಮೀಟರ್ ಬೋರ್ಡಿನಿಂದ ಬ್ಯಾರೆ ದಪ್ಪ ವೈರು ಎಳೀಬೇಕ್ರಿ. ಗೋಡಿ ಒಡೀಬೇಕಾಗತೈತಿ."

"ಗೋಡಿ ಒಡೀತಿ? ಹಬ್ಬಕ್ಕಂತ ಬಣ್ಣ ಹಚ್ಚಿಸೀನಿ, ಇನ್ನೂ ವಾಸನಿ ಹೋಗಿಲ್ಲ! ಇದ್ದ ವೈರಿಗೇ ಜೋಡಿಸು."

ಅವನು ಒಲ್ಲೆನೆಂದು ಹೊರಟುಹೋದ. ಸಾಹುಕಾರ ಇನ್ನೊಬ್ಬನನ್ನು ಹಿಡಿದು ತಂದು ಜೋಡಿಸಿಕೊಂಡ. ಗುಂಡಿ ಒತ್ತಿದ. ಟಪ್! ಫ್ಯೂಜು ಹೋಯಿತು. ಫ್ಯೂಜು ಗೊತ್ತಲ್ಲ, ಪಿಂಗಾಣಿಯೊಳಗಿನ ಆ ಎಳೆ ತಂತಿ? ಹೊರೆ ಹೆಚ್ಚಾದರೆ ತಾನು ಸುಟ್ಟುಕೊಂಡು ಮನೆಯನ್ನು ಉಳಿಸುತ್ತದೆ. ಸಾಹುಕಾರ ಹೊಸ ಎಳೆ ಕಟ್ಟಿದ, ಮತ್ತೆ ಟಪ್! ಇನ್ನೊಮ್ಮೆ ಕಟ್ಟಿದ, ಇನ್ನೊಮ್ಮೆ ಟಪ್! ಅವನಿಗೆ ಪಿತ್ತ ನೆತ್ತಿಗೇರಿತು. ಏನು ಮಾಡಿದ? ಕೆಲವರು ನಗುತ್ತಿದ್ದೀರಿ, ನೀವೂ ಮಾಡಿದ್ದೀರಿ ಅಂತಾಯಿತು. ಸ್ಟೂಲು ಹತ್ತಿ ದಪ್ಪ ತಾಮ್ರದ ತಂತಿಯನ್ನೇ ಸುತ್ತಿಬಿಟ್ಟ! "ಇನ್ನ ಹೆಂಗ ಹೋಗತೈತಿ ನೋಡೂಣು!"

ಹೋಗಲಿಲ್ಲ. ಅವನ ಖುಷಿಗೆ ಪಾರವೇ ಇಲ್ಲ. ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಕಟ್ಟಬೇಕಾದ ಹಿಂಡಲಕಾಯಿ ಬಳ್ಳಿಯನ್ನು ಷವರಿಗೆ ಕಟ್ಟಿದ! ಆಗ ಹೆಂಡತಿ ಮೆಲ್ಲಗೆ ಹೇಳಿದಳು. "ಏನ್ರೀ, ಬೀಗರದು, ಅಡಗೀದು, ಅತ್ತೀದು, ಎಲ್ಲಾ ನಾ ಒಬ್ಬಾಕೀನ. ನನ್ನ ಕೈಲೆ ಆಗವಲ್ದು."

"ದೊಡ್ಡ ಮನಿ ಸೊಸಿ ನೀ. ತಡಕೋ," ಅಂದ ಸಾಹುಕಾರ.

ಮರುದಿನ ನಸುಕಿನಲ್ಲಿ ಎಣ್ಣೆ ಸ್ನಾನ. ಒಬ್ಬರಾದ ಮೇಲೊಬ್ಬರು, ಷವರಿಗೆ ಬಿಡುವೇ ಇಲ್ಲ. ಬೀಗರು ಹೊಗಳಿದ್ದೇ ಹೊಗಳಿದ್ದು, ಸಾಹುಕಾರ ಮೀಸೆ ತಿರುವಿದ್ದೇ ತಿರುವಿದ್ದು. ತಾಯಿ ಒಳಗೆ ಮಣೆಯ ಮೇಲೆ ಕೂತು ತಲೆಗೆ ನೀರು ಬಿಟ್ಟುಕೊಂಡಿದ್ದಳು. ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ಏನೋ ಸುಟ್ಟ ವಾಸನಿ ಬರಾಕತ್ತೈತಿ. ಬಂದ್ ಮಾಡ್ರಿ!"

"ಹಬ್ಬದ ದಿನ ಅಪಶಕುನ ನುಡೀಬ್ಯಾಡ, ಒಳಗ ನಡಿ!"

ಅವಳು ಒಳಗೆ ಹೋಗಲಿಲ್ಲ. ನೇರವಾಗಿ ಮೀಟರ್ ಬೋರ್ಡಿಗೆ ಹೋಗಿ ಮೇನ್ ಸ್ವಿಚ್ಚನ್ನೇ ಎಳೆದಳು. ಮನೆ ಕತ್ತಲಾಯಿತು. ಬೀಗರೆದುರು ಮಾನ ಹೋಯಿತೆಂದು ಸಾಹುಕಾರ ಕೂಗಾಡುತ್ತ ಬಂದು ಬಚ್ಚಲಿನ ಹೊರಗೋಡೆಗೆ ಕೈ ಊರಿದ. ಚುರ್ರೆಂದಿತು! ಹೊಸ ಬಣ್ಣ ಬೊಬ್ಬೆ ಎದ್ದಿತ್ತು. ಕಟ್ಟಿಗೆ ಪಟ್ಟಿಯ ಸಂದಿಯಿಂದ ಹೊಗೆ ಬರುತ್ತಿತ್ತು. ಆಚೆ ಬದಿಗೆ ಅವನ ತಾಯಿ, ತೊಯ್ದ ಮೈಯಲ್ಲಿ.

"ತಮ್ಮಾ, ದೀಪ ಯಾಕ ಹೋತೋ? ಕಣ್ಣಾಗ ಸಾಬೂನು ಹೊಕ್ಕೈತಿ!"

ಸಾಹುಕಾರ ಆ ದನಿ ಕೇಳಿದ. ತಾಯಿ ಬದುಕಿದ್ದಾಳೆ. ಅವನು ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ. ಆಮೇಲೆ ಎದ್ದು, ಬೀಗರು ನೋಡುತ್ತಿದ್ದಂತೆಯೇ ಹಂಡೆಯ ಒಲೆಗೆ ತಾನೇ ಉರಿ ಹಾಕಿದ. ಹೆಂಡತಿಗೆ, "ನೀ ಸ್ವಲ್ಪ ಕುಂಡ್ರು," ಅಂದ. ಅವಳಿಗೆ ಆ ಮಾತು ಹೊಸದು, ನಿಂತೇ ಇದ್ದಳು.

ಹಬ್ಬ ಮುಗಿದದ್ದೇ ಮೊದಲಿನ ಕೆಲಸದವನನ್ನು ಕರೆಸಿ, ಬಣ್ಣದ ಗೋಡೆ ಒಡೆಸಿ, ಹೊಸ ವೈರು ಎಳೆಸಿದ. ಫ್ಯೂಜಿಗೆ ತಕ್ಕ ಎಳೆಯನ್ನೇ ಹಾಕಿಸಿದ. ಈಗ ತಾಯಿ ಷವರಿನ ಕೆಳಗೆ ಕೂತರೆ ಹೊರಗೆ ಬರಲೊಲ್ಲಳು. ಬೆಳಗಿನ ಚಹಾ ಯಾರು ಮಾಡುತ್ತಾರೆ ಗೊತ್ತೇ? ಸಾಹುಕಾರ! ರುಚಿ ಅಷ್ಟಕ್ಕಷ್ಟೇ, ಆದರೆ ಮಾಡುತ್ತಾನೆ.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ "ನನ್ನ ಕೈಲೆ ಆಗವಲ್ದು" ಅನ್ನುವವರು ಯಾರು? ಸೊಸೆಯೋ, ತಮ್ಮನೋ, ಮುದಿ ತಂದೆಯೋ? ಅವರು ಹಾಗಂದಾಗ ನೀವೇನು ಅಂದಿರಿ? ತಾಳಿಕೋ ಅಂದಿರಿ. ಹೊಂದಿಕೊಂಡು ಹೋಗು ಅಂದಿರಿ. ನೋಡಿ, ಅದೇ ದಪ್ಪ ತಂತಿ! ಇನ್ನೊಬ್ಬರ ಬಾಯಿ ಮುಚ್ಚಿಸುವುದಕ್ಕೆ ತಾಳ್ಮೆ ಅಂತ ಹೆಸರಿಡಬೇಡಿ. ಟಪ್ ಅಂದವರ ಮೇಲೆ ಸಿಟ್ಟಾಗಬೇಡಿ, ಹೊರೆ ಎಷ್ಟಿದೆ ಅಂತ ಕೇಳಿ. ಕೇಳಿ ಸುಮ್ಮನಾಗಬೇಡಿ, ಅದರಲ್ಲೊಂದು ಕೆಲಸವನ್ನು ನೀವು ಎತ್ತಿಕೊಳ್ಳಿ. ನಿಮ್ಮ ಕೈಲಿ ಆಗುತ್ತದೆ, ಖಂಡಿತ ಆಗುತ್ತದೆ.

ಮನೆಗೆ ಹೋದಮೇಲೆ ಮಾಡುತ್ತೇವೆ ಅನ್ನಬೇಡಿ. ಪ್ರಸಾದ ಮುಗಿದಮೇಲೆ ದಾಸೋಹದ ಪಾತ್ರೆ ತಿಕ್ಕಲು ದಿನವೂ ಈ ತಾಯಂದಿರೇ ಕೂರುತ್ತಾರಲ್ಲ? ಇವತ್ತು ಅವರು ಇಲ್ಲೇ ಕೂತಿರಲಿ. ಗಂಡಸರು ಅಂಗಿಯ ತೋಳು ಮಡಚಿ ಬನ್ನಿ. ಅನ್ನದ ದೊಡ್ಡ ಪಾತ್ರೆ ನನಗೆ ಬಿಡಿ.